ಹುಕುಮಿನ ಮೂಲದಲ್ಲಿರುವ ಕಡಿವಾಣ

‘ಹುಕುಂ’ ಎಂಬ ಪದವನ್ನು ಅರಿಯದ ಕನ್ನಡಿಗರು ವಿರಳ. ಅಪ್ಪಣೆಯಿಲ್ಲದೆ ಸರಕಾರಿ ಭೂಮಿಯನ್ನು ಉಳುವುದಕ್ಕೆ ‘ಬಗರ್‌ಹುಕುಂ ಸಾಗುವಳಿ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಬಹಮನಿ ಮತ್ತು ಆದಿಲಶಾಹಿ ಅರಸರ ಆಡಳಿತದಲ್ಲಿ ಪಾರಸಿಗೆ ಇದ್ದ ಪ್ರಾಧಾನ್ಯದಿಂದ ಇಂತಹ ಅನೇಕ ಪದಗಳು ನಮ್ಮ ನುಡಿಯನ್ನು ಸೇರಿದವು. ಆದರೆ ಹುಕುಂ ಪದದ ತವರು ಅರಬ್ಬಿ.

ಸಂಸ್ಕೃತದಂತೆ ಅರಬ್ಬಿಯಲ್ಲಿಯೂ ಪದಗಳು ಧಾತುವಿನಿಂದ ಹುಟ್ಟುತ್ತವೆ. ಅಲ್ಲಿಯ ಧಾತು ಸಾಮಾನ್ಯವಾಗಿ ಮೂರು ವ್ಯಂಜನಗಳ ಕಟ್ಟು. ಅವುಗಳ ನಡುವಿನ ಸ್ವರಗಳು ಬದಲಾದಂತೆ, ಉಪಸರ್ಗಗಳು ಕೂಡಿದಂತೆ ಅರ್ಥ ಕವಲೊಡೆಯುತ್ತದೆ. ‘ಹ-ಕ-ಮ’ ಧಾತುವಿನಿಂದ ಹುಕ್ಮ್ ಎಂದರೆ ತೀರ್ಪು, ಆಜ್ಞೆ. ಹಾಕಿಮ್ ಎಂದರೆ ಆಳುವವನು. ಹಕೀಮ್ ಎಂದರೆ ಜ್ಞಾನಿ, ವೈದ್ಯ. ಹಿಕ್ಮತ್ ಎಂದರೆ ವಿವೇಕ. ಮಹಕಮಾ ಎಂದರೆ ನ್ಯಾಯಾಲಯ. ತಹಕೀಮ್ ಎಂದರೆ ಮಧ್ಯಸ್ಥಿಕೆ. ಅರಬ್ಬಿಯ ಸೋದರಭಾಷೆಯಾದ ಹೀಬ್ರೂವಿನಲ್ಲಿಯೂ ಇದೇ ಧಾತುವಿನ ‘ಹೊಖ್ಮಾ’ ಎಂಬ ಪದಕ್ಕೆ ವಿವೇಕವೆಂದೇ ಅರ್ಥ.

ಆಳ್ವಿಕೆ, ವೈದ್ಯ, ವಿವೇಕ ಇವುಗಳಿಗೆ ಒಂದೇ ಮೂಲ ಹೇಗೆ? 1004ರಲ್ಲಿ ನಿಧನನಾದ ಇಬ್ನ್ ಫಾರಿಸ್ ಎಂಬ ನಿಘಂಟುಕಾರನು ಈ ಧಾತುವಿನ ಮೂಲಾರ್ಥ ‘ತಡೆಯುವುದು’ ಎಂದು ನಿರ್ಣಯಿಸಿದನು. ಕುದುರೆಯ ಕಡಿವಾಣದ ಭಾಗಕ್ಕೆ ಅರಬ್ಬಿಯಲ್ಲಿ ‘ಹಕಮಾ’ ಎಂಬ ಹೆಸರಿದೆ. ಅದು ಕುದುರೆಯನ್ನು ತಡೆಯುತ್ತದೆ. ಹುಕ್ಮ್ ಅನ್ಯಾಯವನ್ನು ತಡೆಯುತ್ತದೆ. ಹಿಕ್ಮತ್ ಅಜ್ಞಾನವನ್ನು ತಡೆಯುತ್ತದೆ. ಇದು ಆತನ ವಿವರಣೆಯ ಸಾರ.

ಈ ಪದಕ್ಕಾಗಿ ರಕ್ತವೂ ಹರಿದಿದೆ. 657ರಲ್ಲಿ ಸಿಫ್ಫೀನ್ ಎಂಬಲ್ಲಿ ಖಲೀಫ ಅಲಿಯವರಿಗೂ ಸಿರಿಯಾದ ಮುಆವಿಯಾನಿಗೂ ನಡೆದ ಯುದ್ಧವು ತಹಕೀಮಿಗೆ, ಅಂದರೆ ಇಬ್ಬರು ಮಧ್ಯಸ್ಥರ ತೀರ್ಮಾನಕ್ಕೆ ಬಂದು ನಿಂತಿತು. ಆಗ ಅಲಿಯವರ ಪಡೆಯಲ್ಲಿದ್ದ ಕೆಲವರು, ಹುಕ್ಮ್ ದೇವರಿಗೆ ಮಾತ್ರ ಸಲ್ಲುವುದೆಂದು ಕೂಗಿ ಸಿಡಿದುಹೋದರು. ಮಾತು ಸತ್ಯವಾದರೂ ಅದನ್ನಾಡಿದ ಉದ್ದೇಶ ಸರಿಯಲ್ಲವೆಂದು ಅಲಿಯವರು ಉತ್ತರಿಸಿದರೆಂಬ ಪ್ರತೀತಿಯಿದೆ. ‘ಖವಾರಿಜ’ರೆಂದು ಹೆಸರಾದ ಆ ಪಂಗಡದವನೊಬ್ಬನೇ 661ರಲ್ಲಿ ಕೂಫಾ ನಗರದಲ್ಲಿ ಅವರನ್ನು ಕೊಂದನು. ತಡೆಯೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದವೇ ತಡೆಯಿಲ್ಲದ ಕ್ರೋಧಕ್ಕೆ ಘೋಷಣೆಯಾಯಿತು.

ನಮ್ಮಲ್ಲಿಗೆ ಬರುವಷ್ಟರಲ್ಲಿ ಈ ಪದಗಳು ಇನ್ನಷ್ಟು ಸವೆದಿವೆ. ಹುಕುಂ ಬರಿಯ ಅಪ್ಪಣೆಯಾಗಿದೆ. ವಿವೇಕವೆಂಬ ಅರ್ಥದ ಹಿಕ್ಮತ್ ಕನ್ನಡದ ಬಾಯಲ್ಲಿ ‘ಹಿಕಮತ್ತು’ ಆಗಿ, ಯುಕ್ತಿಗೂ ತಂತ್ರಕ್ಕೂ ಇಳಿದಿದೆ. ಪದ ಉಳಿದು ಅದರೊಳಗಿನ ಸಂಯಮ ಹೋಯಿತು.

ನಮ್ಮ ಮಠದ ಆಶ್ರಯದಲ್ಲಿ ಓದಿದ ನಿಮ್ಮಲ್ಲಿ ಅನೇಕರು ಇಂದು ಕಚೇರಿಗಳಲ್ಲಿ, ಶಾಲೆಗಳಲ್ಲಿ, ನ್ಯಾಯಾಲಯಗಳಲ್ಲಿ ಅಧಿಕಾರಸ್ಥರಾಗಿರುವಿರಿ. ಪೀಠದಲ್ಲಿ ಕುಳಿತು ಅಪ್ಪಣೆ ಕೊಡಿಸುವ ನಾವೂ ಆ ಹೊಣೆಗೆ ಹೊರತಲ್ಲ. ಮತ್ತೊಬ್ಬರಿಗೆ ಹುಕುಂ ಮಾಡುವ ಮುನ್ನ ಅದು ಯಾವ ಅನ್ಯಾಯವನ್ನು ತಡೆಯುವುದೆಂದು ಕೇಳಿಕೊಳ್ಳೋಣ. ಉತ್ತರ ದೊರೆಯದಿದ್ದರೆ ಆ ಕಡಿವಾಣವನ್ನು ಮೊದಲು ನಮ್ಮ ನಾಲಗೆಗೆ ತೊಡಿಸಿಕೊಳ್ಳುವುದೇ ಲೇಸು.