ಕಾಣದ ಗಾಯಕ್ಕೆ ಮದ್ದು ಹುಡುಕಿದ ವೈದ್ಯ

ಇತಿಹಾಸದ ಪಠ್ಯಪುಸ್ತಕದಲ್ಲಿ ಮೊದಲನೆಯ ಮಹಾಯುದ್ಧವು 1914ರಲ್ಲಿ ಆರಂಭವಾಗಿ 1918ರಲ್ಲಿ ಮುಗಿಯುತ್ತದೆ. ಹೋರಾಡಿದ ಅನೇಕರ ಪಾಲಿಗೆ ಅದು ಮುಗಿಯಲೇ ಇಲ್ಲ. ತರಗತಿಯ ಅವಧಿಯೊಳಗೆ ಹೇಳಲು ಬಿಡುವಾಗದ ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಫಿರಂಗಿಗಳ ಆರ್ಭಟದ ನಡುವೆ ಕಂದಕಗಳಲ್ಲಿ ದಿನ ದೂಡಿದ ಸಾವಿರಾರು ಸೈನಿಕರಿಗೆ, ಮೈಮೇಲೆ ಗಾಯವಿಲ್ಲದಿದ್ದರೂ, ಮಾತು ನಿಂತಿತು, ಕೈಕಾಲು ನಡುಗಿದವು, ನಿದ್ರೆ ದೂರವಾಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದರು. ಆದರೆ ಎಷ್ಟೋ ಸೇನಾಧಿಕಾರಿಗಳ ಕಣ್ಣಿಗೆ ಅದು ಬರಿಯ ಹೇಡಿತನವಾಗಿತ್ತು. ಮಾತು ಹೋದವನ ಗಂಟಲಿಗೆ ವಿದ್ಯುತ್ ಹರಿಸಿ ಮಾತಾಡಿಸುವ ಚಿಕಿತ್ಸೆಯೂ ಲಂಡನ್ನಿನಲ್ಲಿ ನಡೆಯಿತು. ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆಯೇ ಗುಂಡಿಟ್ಟು ಕೊಂದ 306 ಮಂದಿಗೆ ಕ್ಷಮೆ ದೊರೆತದ್ದು 2006ರಲ್ಲಿ!

ಇಂತಹ ಕಾಲದಲ್ಲಿ ಬೇರೆ ದಾರಿ ಹಿಡಿದವರು ಡಬ್ಲ್ಯೂ. ಎಚ್. ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಯ ತೋಡರ ನಡುವೆ ಅಧ್ಯಯನ ನಡೆಸಿ, 1906ರಲ್ಲಿ ಅವರ ಕುರಿತು ದೊಡ್ಡ ಗ್ರಂಥ ಪ್ರಕಟಿಸಿದ ವಿದ್ವಾಂಸರೇ ಇವರು. ಯುದ್ಧಕಾಲದಲ್ಲಿ ಎಡಿನ್‌ಬರೊ ನಗರದ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ‘ಎಲ್ಲವನ್ನೂ ಮರೆತುಬಿಡು’ ಎಂಬುದು ಅಂದಿನ ಸಾಮಾನ್ಯ ಉಪದೇಶ. ಹಗಲೆಲ್ಲ ಅದುಮಿಟ್ಟ ನೆನಪು ಇರುಳಿನಲ್ಲಿ ಇಮ್ಮಡಿಯಾಗಿ ಏಳುತ್ತದೆಂದು ರಿವರ್ಸ್ ಕಂಡುಕೊಂಡರು.

ಅವರು 1918ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಬ್ಬ ಅಧಿಕಾರಿಯ ಪ್ರಸಂಗವಿದೆ. ಶೆಲ್ ಸಿಡಿದು ಛಿದ್ರವಾಗಿದ್ದ ಗೆಳೆಯನ ದೇಹವನ್ನು ಕಂಡಂದಿನಿಂದ ಆತನಿಗೆ ಪ್ರತಿರಾತ್ರಿ ಅದೇ ದುಃಸ್ವಪ್ನ. ದೇಹ ಆ ಸ್ಥಿತಿಯಲ್ಲಿದ್ದುದರಿಂದಲೇ ಗೆಳೆಯನು ನರಳದೆ ತಕ್ಷಣ ಪ್ರಾಣಬಿಟ್ಟನೆಂಬುದು ನಿಶ್ಚಯವಲ್ಲವೇ ಎಂದು ರಿವರ್ಸ್ ತೋರಿಸಿಕೊಟ್ಟರು. ಕೆಲವು ರಾತ್ರಿಗಳ ತರುವಾಯ ಕನಸು ಮರಳಿತು. ಈ ಬಾರಿ ಆತನು ಗೆಳೆಯನ ಬಳಿ ಮಂಡಿಯೂರಿ, ಬಂಧುಗಳಿಗೆ ಕಳುಹಿಸಲೆಂದು ಅವನ ವಸ್ತುಗಳನ್ನು ಬಿಚ್ಚಿಕೊಂಡನು. ಎಚ್ಚರವಾದಾಗ ಅಳುತ್ತಿದ್ದನು; ಆದರೆ ಅದು ಭಯದ ಅಳುವಲ್ಲ, ಶೋಕದ ಅಳು.

ಎಲ್ಲರಿಗೂ ಇದು ಫಲಿಸಲಿಲ್ಲವೆಂದು ರಿವರ್ಸ್ ತಾವೇ ಬರೆದಿದ್ದಾರೆ. ಇನ್ನೂ ಕಠಿಣವಾದ ಮಾತೆಂದರೆ, ಗುಣಪಡಿಸುವುದೆಂದರೆ ಮರಳಿ ರಣರಂಗಕ್ಕೆ ಕಳುಹಿಸುವುದೂ ಆಗಿತ್ತು. ಅದೇ ಆಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯರಿಂದ ಚೇತರಿಸಿಕೊಂಡ ಕವಿ ವಿಲ್‌ಫ್ರೆಡ್ ಓವೆನ್, ಯುದ್ಧ ನಿಲ್ಲಲು ಒಂದೇ ವಾರವಿದ್ದಾಗ, 1918ರ ನವೆಂಬರ್ 4ರಂದು ಮಡಿದರು.

ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರ ಹೋರಾಟದ ಬಳಿಕ, 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಸ್ಥಿತಿಯನ್ನು ‘ಪಿಟಿಎಸ್‌ಡಿ’ ಎಂಬ ಹೆಸರಿನಲ್ಲಿ ಅಧಿಕೃತ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ತಜ್ಞರ ನೆರವಿನಿಂದ ನೆನಪನ್ನು ಹಂತಹಂತವಾಗಿ ಎದುರಿಸುವುದು ಇಂದಿನ ಮುಖ್ಯ ಚಿಕಿತ್ಸೆಗಳಲ್ಲೊಂದು.

ಪ್ರಿಯ ಶಿಷ್ಯರೇ, ನಿಮ್ಮ ಬಂಧುಬಳಗದಲ್ಲೂ ಸೇನೆಯಿಂದ ಹಿಂದಿರುಗಿದವರು ಇರಬಹುದು. ಅವರನ್ನು ಕೆದಕಿ ಕೇಳಬೇಡಿ. ಅವರಾಗಿಯೇ ಮಾತು ತೆಗೆದಾಗ ಮಾತ್ರ, ‘ಆದದ್ದಾಯಿತು, ಬಿಡಿ’ ಎನ್ನದೆ, ಕುಳಿತು ಕೇಳಿರಿ.