‘ಬಿಲ್ ಇದ್ಯಾ?’: ಸೆಕೆಂಡ್ ಹ್ಯಾಂಡ್ ವಾಚಿನ ಹಳೇ ಪ್ರಶ್ನೆ

ಚನ್ನಗಿರಿ ಕಡೆಯ ಕೇಳುಗರೊಬ್ಬರ ಪ್ರಶ್ನೆಯಿಂದ ಶುರು ಮಾಡ್ತೀನಿ. ಅಡಿಕೆ ದುಡ್ಡು ಕೈಗೆ ಬಂದಿದೆ, ಜೀವನದ ಮೊದಲನೇ ಲಕ್ಷುರಿ ವಾಚ್ ತಗೋಬೇಕು. ಹೊಸದು ಕೈಗೆಟುಕಲ್ಲ. 70ರ ದಶಕದ್ದೊಂದು ಸ್ವಿಸ್ ವಾಚು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತಿದೆ. ಆದ್ರೆ ಬಾಕ್ಸ್ ಇಲ್ಲ, ಬಿಲ್ ಇಲ್ಲ. ತಗೊಳ್ಳಲಾ ಬೇಡ್ವಾ?

ಉತ್ತರ ಕೊಡೋಕೆ ಮುಂಚೆ ಒಂದು ಕಾನೂನಿನ ಕಥೆ ಹೇಳ್ಬೇಕು.

1962ರ ಕಸ್ಟಮ್ಸ್ ಕಾಯ್ದೆಯಲ್ಲಿ 123ನೇ ಸೆಕ್ಷನ್ ಅಂತ ಒಂದಿದೆ. ಸಾಮಾನ್ಯವಾಗಿ ನೀವು ತಪ್ಪು ಮಾಡಿದ್ದೀರಿ ಅಂತ ಸರ್ಕಾರ ಸಾಬೀತು ಮಾಡ್ಬೇಕು, ಅಲ್ವಾ? ಇಲ್ಲಿ ಉಲ್ಟಾ. ಕಳ್ಳಸಾಗಣೆ ಮಾಲು ಅಂತ ನಂಬಲು ಕಾರಣವಿದ್ದು ಅಧಿಕಾರಿ ವಶಪಡಿಸಿಕೊಂಡರೆ, ಅದು ಕಳ್ಳಮಾಲಲ್ಲ ಅಂತ ತೋರಿಸೋ ಹೊಣೆ ಇಟ್ಟುಕೊಂಡವನದ್ದೇ. ಇದು ಎಲ್ಲಾ ಸಾಮಾನಿಗೂ ಅಲ್ಲ. ಹೆಸರು ಹೇಳಿ ಬರೆದಿರೋ ಕೆಲವೇ ವಸ್ತುಗಳಲ್ಲಿ ಒಂದು ಚಿನ್ನ. ಇನ್ನೊಂದು ಕೈಗಡಿಯಾರ!

ಯಾಕೆ ಅಂದ್ರೆ, ಆಗ ದೇಶದಲ್ಲಿ ವಿದೇಶಿ ವಿನಿಮಯಕ್ಕೆ ಬರ. ಆಮದಿಗೆ ಲೈಸೆನ್ಸ್, ಅದರ ಮೇಲೆ ಭಾರೀ ಸುಂಕ. ವಾಚು ಅಂದ್ರೆ ಚಿಕ್ಕದು, ದುಬಾರಿ, ಜೇಬಲ್ಲಿ ಅಡಗುತ್ತೆ. ಕಳ್ಳಸಾಗಣೆಗೆ ಇದಕ್ಕಿಂತ ಅನುಕೂಲದ ಸಾಮಾನು ಇನ್ಯಾವುದಿದೆ? ಬೊಂಬಾಯಿ ಕಡೆಯಿಂದ ಕೈಯಿಂದ ಕೈಗೆ ದಾಟಿ ‘ಫಾರಿನ್ ವಾಚು’ ನಮ್ಮ ಕಡೆಗೂ ಬರ್ತಿತ್ತು. ಬಿಲ್ ಕೇಳಿದ್ರೆ ಮಾರೋನು ನಗ್ತಿದ್ದ.

ಅದೇ ಹೊತ್ತಿಗೆ ಬೆಂಗಳೂರಲ್ಲಿ ಬೇರೆ ಕಥೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯ್ತು. ಮುಂದೆ ತುಮಕೂರಿನಲ್ಲೂ ಒಂದು ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್. ಹೆದರದೆ ಕಟ್ಟಿಕೊಂಡು ಓಡಾಡಬಹುದಾದ ವಾಚು.

ಇದನ್ನ ಲಕ್ಷುರಿ ಅನ್ನಬಹುದಾ ಅಂತ ನೀವು ಕೇಳಬಹುದು. ನಾನು ನ್ಯಾಮತಿ ಕಡೆಯವನು. ನಮ್ಮ ದೊಡ್ಡಪ್ಪನ ಮದುವೆ ಫೋಟೋದಲ್ಲಿ ಎಡಗೈ ಶರ್ಟಿನ ತೋಳು ಬೇಕಂತಲೇ ಒಂದು ಮಡಿಕೆ ಜಾಸ್ತಿ ಮಡಿಸಿದೆ. ವಾಚು ಕಾಣಲಿ ಅಂತ! ಹೊನ್ನಾಳಿಯ ಗದ್ದೆ ಬಯಲಿನಲ್ಲಿ ಆಗಲಿ, ಮಳೆ ನಂಬಿದ ಜಗಳೂರು ಕಡೆ ಆಗಲಿ, ಗಂಡಿಗೆ ವಾಚು, ಸೈಕಲ್, ರೇಡಿಯೊ ಕೊಡಬೇಕು ಅನ್ನೋ ಮಾತು ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಆ ವಾಚಿಗೆ ದುಡ್ಡು ಹೊಂದಿಸಿದ್ದು ಹೆಣ್ಣಿನ ಅಪ್ಪ. ಮಳೆ ಕೈಕೊಟ್ಟ ವರ್ಷ ಮಗಳ ಮದುವೆ ಬಿದ್ದರೆ ಸಾಲ ಮಾಡಿ. ಹಳೇ ಎಚ್‌ಎಂಟಿ ನೋಡಿ ‘ಆಹಾ, ಎಂಥಾ ಕಾಲ’ ಅನ್ನೋರಿಗೆ ನಾನು ಇದನ್ನ ನೆನಪಿಸ್ತೀನಿ. ಕೆಲವರಿಗೆ ಬೇಜಾರಾಗುತ್ತೆ. ಆಗಲಿ ಬಿಡಿ.

ಮುಂದಿನದ್ದು ನಿಮಗೆ ಗೊತ್ತಿರೋದೇ. ಕ್ವಾರ್ಟ್ಸ್ ಬಂತು, 1987ರಲ್ಲಿ ಟೈಟಾನ್ ಮಾರುಕಟ್ಟೆಗೆ ಇಳೀತು, ಕೀಲಿ ಕೊಡೋ ವಾಚು ಹಳೇದಾಯ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು. ತುಮಕೂರಿನ ಕಾರ್ಖಾನೆ ಜಾಗ ಈಗ ಇಸ್ರೋ ಕೈಯಲ್ಲಿದೆ. ಕಾರ್ಖಾನೆ ಮುಚ್ಚಿದ್ದೇ ತಡ, ಟ್ರಂಕಿನಲ್ಲಿ ಬಿದ್ದಿದ್ದ ವಾಚುಗಳಿಗೆ ಗಿರಾಕಿ ಹುಟ್ಟಿಕೊಂಡರು.

ಈಗ ಪ್ರಶ್ನೆಗೆ ಬರ್ತೀನಿ. ಇವತ್ತಿನ ರೀಸೇಲ್ ಮಾರುಕಟ್ಟೆಯಲ್ಲಿ ‘ಬಾಕ್ಸ್ ಅಂಡ್ ಪೇಪರ್ಸ್’ ಇದ್ರೆ ಬೆಲೆ ಏರುತ್ತೆ. ಆದ್ರೆ ಆ ನಿಯಮ ಹುಟ್ಟಿದ್ದು ಅಂಗಡಿಯಲ್ಲಿ ರಾಜಾರೋಷವಾಗಿ ವಾಚು ಮಾರೋ ದೇಶಗಳಲ್ಲಿ. 70ರ ದಶಕದಲ್ಲಿ ನಮ್ಮ ಕಡೆಗೆ ಬಂದ ಸ್ವಿಸ್ ವಾಚಿಗೆ ಪೇಪರ್ ಇಲ್ಲದಿರೋದು ಸಹಜ. ಬದಲಿಗೆ ಅಂಥದ್ದಕ್ಕೆ ಗರಿಗರಿ ಕಾಗದ ತೋರಿಸಿದರೆ ನನಗೆ ಅನುಮಾನ ಬರುತ್ತೆ. ವಾಚಿಗಿಂತ ಕಾಗದ ನಕಲಿ ಮಾಡೋದು ಸುಲಭ. ಇತ್ತೀಚಿನ ಮಾಡೆಲ್ ಆದ್ರೆ ಮಾತು ಬೇರೆ. ಅದಕ್ಕೆ ಬಿಲ್ ಬೇಕೇ ಬೇಕು. ಸೆಕ್ಷನ್ 123 ಇನ್ನೂ ಜಾರಿಯಲ್ಲಿದೆ, ಕೈಗಡಿಯಾರದ ಹೆಸರೂ ಅದರಲ್ಲಿ ಹಾಗೇ ಇದೆ.

ಹಾಗಾದ್ರೆ ಹಳೇ ವಾಚಿಗೆ ಸಾಕ್ಷಿ ಏನು? ಹಿಂದಿನ ಮುಚ್ಚಳದ ಒಳಗೆ ಇರೋದೇ. ಡಯಲ್ ಮೇಲಿನ ಹೆಸರು, ಒಳಗಿನ ಮೆಷಿನ್ ಮೇಲಿನ ಹೆಸರು, ಕೇಸಿನ ನಂಬರು ಒಂದಕ್ಕೊಂದು ತಾಳೆ ಆಗ್ಬೇಕು. ಮೂರು ಸತ್ತ ವಾಚುಗಳ ಭಾಗ ಸೇರಿಸಿ ಒಂದು ಜೀವಂತ ವಾಚು ಮಾಡೋದು ಈ ವ್ಯಾಪಾರದಲ್ಲಿ ಮಾಮೂಲಿ. ಡಯಲ್‌ಗೆ ಮತ್ತೆ ಬಣ್ಣ ಬಳಿಯೋದು ಇನ್ನೂ ಮಾಮೂಲಿ. ಎಚ್‌ಎಂಟಿ ಪೈಲಟ್ ಹೆಸರಾಗಿದ್ದು ಕಪ್ಪು ಡಯಲ್‌ಗೆ. ಆನ್‌ಲೈನಲ್ಲಿ ಅದು ಕಾಮನಬಿಲ್ಲಿನ ಎಲ್ಲಾ ಬಣ್ಣದಲ್ಲೂ ಸಿಗುತ್ತೆ. ಐವತ್ತು ವರ್ಷದ ಕೇಸು ಸವೆದಿದ್ದು ಡಯಲ್ ಮಾತ್ರ ಮಿರಮಿರ ಮಿಂಚ್ತಿದ್ರೆ, ಅಕ್ಷರ ದಪ್ಪಗೆ ಹರಡಿಕೊಂಡಿದ್ರೆ, ಕೈಬಿಡಿ.

ಚನ್ನಗಿರಿ ಗೆಳೆಯರೇ, ಮುಚ್ಚಳ ತೆಗೆದು ತೋರಿಸಿ ಅಂತ ಕೇಳಿ. ಫೋಟೋ ಸಾಲದು, ಎದುರಿಗೇ ತೆಗೆಸಿ. ಒಲ್ಲೆ ಅಂದ್ರೆ ಎದ್ದು ಬನ್ನಿ. ತೆಗೆದರೆ, ನಿಮ್ಮೂರಿನ ಹಳೇ ವಾಚ್ ರಿಪೇರಿಯವರನ್ನ ಜೊತೆಗೆ ಕರ್ಕೊಂಡು ಹೋಗಿರಿ. ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಅವರು ಎರಡೇ ನಿಮಿಷದಲ್ಲಿ ಹೇಳ್ತಾರೆ. ಹೋಗಿ ಬಂದ ಖರ್ಚು, ಕಾಫಿ ದುಡ್ಡು ನಿಮ್ಮದು.