ಒಂಬತ್ತು ಗಂಟೆಯ ಗೇಟು, ಆರು ಗಂಟೆಯ ಮಬ್ಬು

ದಸರಾ ರಜೆ ಬಂತೆಂದರೆ ಜಂಗಮಕೋಟೆ, ಶಿಡ್ಲಘಟ್ಟದ ಕಡೆಯಿಂದಲೂ ಊಟಿಗೆ ಕಾರು, ಟೆಂಪೋ ಟ್ರಾವೆಲರ್ ಹೊರಡುತ್ತವೆ. ವಾಪಸಾಗುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಒಂಬತ್ತರೊಳಗೆ ಬಂಡೀಪುರ ದಾಟಿಬಿಡಬೇಕು.” ಈ ಒಂಬತ್ತು ಗಂಟೆ ಎಲ್ಲಿಂದ ಬಂತು? ಅದರ ಹಿಂದೆ ಕಾಡುಪ್ರಾಣಿಗಳ ಸಾವಿನ, ಸರ್ಕಾರಿ ಆದೇಶಗಳ, ಎರಡು ರಾಜ್ಯಗಳ ಜಗಳದ ಚರಿತ್ರೆಯಿದೆ.

ಬಂಡೀಪುರ ಮೊದಲು ಮೈಸೂರು ಅರಸರ ಬೇಟೆಯ ಕಾಡು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಗುಂಡ್ಲುಪೇಟೆ ದಾಟಿದ ಮೇಲೆ ಎರಡು ಹೆದ್ದಾರಿಗಳು ಈ ಕಾಡನ್ನು ಸೀಳುತ್ತವೆ. ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿ ಮೂಲಕ ಕೋಯಿಕ್ಕೋಡಿಗೆ. ರಸ್ತೆ ನುಣುಪಾದಂತೆ ವೇಗ ಹೆಚ್ಚಿತು. ಬೆಳಗಾಗುವಷ್ಟರಲ್ಲಿ ಜಿಂಕೆ, ಕಡವೆ, ಪುನುಗುಬೆಕ್ಕು, ಹಾವುಗಳ ಹೆಣ ಟಾರಿನ ಮೇಲೆ ಬಿದ್ದಿರುವುದು ಮಾಮೂಲಾಯಿತು.

ಮೊದಲು ಮುಚ್ಚಿದ್ದು ಬಂಡೀಪುರದ ರಸ್ತೆಯಲ್ಲ, ಪಕ್ಕದ ನಾಗರಹೊಳೆಯದು. 2008ರಲ್ಲಿ ಮೈಸೂರು–ಮಾನಂದವಾಡಿ ರಸ್ತೆಯ ಕಾಡಿನ ಭಾಗದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿತು. ಮರುವರ್ಷ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಮೋಟಾರು ವಾಹನ ಕಾಯ್ದೆಯಡಿ ತಮಗಿದ್ದ ಅಧಿಕಾರ ಬಳಸಿ ಬಂಡೀಪುರದ ಎರಡೂ ಹೆದ್ದಾರಿಗಳನ್ನು ಮುಚ್ಚಿದರು. ಇಲ್ಲಿ ಹೊತ್ತು ಬೇರೆ: ರಾತ್ರಿ 9ರಿಂದ ಬೆಳಿಗ್ಗೆ 6. ಒತ್ತಡ ಬಂದು ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ವಕೀಲ ಎಲ್. ಶ್ರೀನಿವಾಸ ಬಾಬು ಹೈಕೋರ್ಟಿಗೆ ಹೋದರು. ಜುಲೈನಲ್ಲಿ ಮಧ್ಯಂತರ ಆದೇಶ ಬಂದು ಗೇಟು ಮತ್ತೆ ಬಿತ್ತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ಗೆ, ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ಕೇರಳ ಒಪ್ಪಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ವಯನಾಡಿನವರ ಕಷ್ಟವನ್ನು ನಾವು ಹಗುರವಾಗಿ ಕಾಣುವಂತಿಲ್ಲ. ರಾತ್ರಿ ತುಂಬಿದ ಲಾರಿ ಬೆಳಗಿನ ಮಾರುಕಟ್ಟೆ ಮುಟ್ಟದಿದ್ದರೆ ಏನಾಗುತ್ತದೆಂದು ಚಿಂತಾಮಣಿಯ ಟೊಮೆಟೊ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರಲ್ಲಿ ಕಾಡಿನೊಳಗೆ ಮೇಲ್ಸೇತುವೆ ಕಟ್ಟಿ ರಾತ್ರಿಯೂ ವಾಹನ ಬಿಡುವ ಪ್ರಸ್ತಾವ ಬಂದಾಗ ಕರ್ನಾಟಕದಲ್ಲಿ ವಿರೋಧ ಎದ್ದಿತು. 2019ರಲ್ಲಿ ಹಗಲೂ ಮುಚ್ಚುವ ಮಾತು ಕೋರ್ಟಿನಲ್ಲಿ ಬಂದಾಗ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು.

ರಾತ್ರಿಯ ಬದಲಿ ದಾರಿಯಾಗಿ ಕರ್ನಾಟಕ ತೋರಿಸಿದ್ದು ಹುಣಸೂರು–ಗೋಣಿಕೊಪ್ಪ–ಕುಟ್ಟ ರಸ್ತೆಯನ್ನು. ಅದರಲ್ಲೂ ಒಂದಷ್ಟು ದೂರ ನಾಗರಹೊಳೆಯ ಕಾಡೇ. 2018ರ ಅಕ್ಟೋಬರ್ 8ರ ನಸುಕಿನಲ್ಲಿ ಇದೇ ರಸ್ತೆಯ ಮತ್ತಿಗೋಡು ಆನೆ ಶಿಬಿರದ ಬಳಿ ಖಾಸಗಿ ಬಸ್ಸೊಂದು ‘ರೌಡಿ ರಂಗ’ ಎಂಬ ಸಾಕಾನೆಗೆ ಗುದ್ದಿತು. ಬೆನ್ನುಮೂಳೆ ಮುರಿದ ಆನೆ ಮೇಲೇಳಲಿಲ್ಲ, ಅಲ್ಲೇ ಸತ್ತಿತು. ಒಂದು ಗೇಟು ಹಾಕಿದರೆ ಸಾಲದು, ವಾಹನ ಎತ್ತ ತಿರುಗುತ್ತದೆ ಎಂದೂ ನೋಡಬೇಕು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಆ ಎರಡು ಹೊತ್ತುಗಳ ನಡುವಿನ ಅಂತರ. ಮಾನಂದವಾಡಿ ರಸ್ತೆಯಲ್ಲಿ ಮುಸ್ಸಂಜೆ ಗೇಟಿನ ಒಳಗೆ ಬರುತ್ತದೆ, ಬಂಡೀಪುರದಲ್ಲಿ ಹೊರಗೆ ಉಳಿಯುತ್ತದೆ. ಜಿಂಕೆ, ಕಡವೆ ಮೇಯಲು ಹೊರಡುವುದು ಬಿಸಿಲಿಳಿದ ಮೇಲೆ. ರಸ್ತೆಯಂಚಿನ ಎಳೆಹುಲ್ಲು ಅವನ್ನು ಕರೆಯುತ್ತದೆ. ಹಗಲಿಡೀ ಕಾದ ಟಾರಿನ ಬಿಸಿಗೆ ಹಾವು ಬಂದು ಮಲಗುತ್ತದೆ. ಮಬ್ಬಿನಲ್ಲಿ ಡ್ರೈವರಿಗೆ ಕಣ್ಣು ಸಾಲದು, ಹೆಡ್‌ಲೈಟ್ ಬಿದ್ದ ಜಿಂಕೆಗೆ ಕಣ್ಣು ಕುಕ್ಕಿ ಕಾಲು ಕೀಳಲಾಗದು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಜಿಂಕೆ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಮುಗಿದಿರುತ್ತದೆ. ಬ್ರೇಕು ಹಿಡಿಯುವುದು ಆಮೇಲೆ. ವೇಗ 40 ಇದ್ದರೆ ಅದು 17 ಮೀಟರ್. ಮೊದಲ ಜಿಂಕೆ ದಾಟಿತೆಂದು ಆಕ್ಸಿಲರೇಟರ್ ಒತ್ತುವವರು ಅದರ ಹಿಂದೆ ಹಿಂಡಿದೆ ಎನ್ನುವುದನ್ನು ಮರೆಯುತ್ತಾರೆ. ಪ್ರಾಣಿ ಉಳಿಸಲು ಬಂದ ಒಂಬತ್ತು ಗಂಟೆಯ ನಿಯಮವೇ ಎಂಟೂವರೆಯ ಗಾಡಿಗೆ ಅವಸರ ಹುಟ್ಟಿಸುತ್ತದೆ.

ಬೇರೆ ದಾರಿಗಳೂ ಇವೆ. ಕೆನಡಾದ ಬ್ಯಾನ್ಫ್‌ನಲ್ಲಿ ಹೆದ್ದಾರಿಯುದ್ದಕ್ಕೂ ಬೇಲಿ ಹಾಕಿ ಪ್ರಾಣಿಗಳಿಗೆಂದೇ ಸೇತುವೆ ಕಟ್ಟಿದ್ದಾರೆ. ನಮ್ಮಲ್ಲೇ ಪೆಂಚ್ ಹುಲಿ ಕಾಡಿನ ಹೆದ್ದಾರಿಯ ಕೆಳಗೆ ಪ್ರಾಣಿಗಳು ದಾಟುವ ಹಾದಿಗಳಿವೆ. ಅವಕ್ಕೆ ಕೋಟಿಗಟ್ಟಲೆ ದುಡ್ಡು ಬೇಕು. ಊಟಿಯಿಂದ ಒಂದೆರಡು ಗಂಟೆ ಮುಂಚೆ ಹೊರಟು ಬೆಳಕಿರುವಾಗಲೇ ಕಾಡು ದಾಟಲು ದುಡ್ಡು ಬೇಡ. ಹೊತ್ತು ಮೀರಿದರೆ ಗೂಡಲೂರಿನಲ್ಲೇ ಉಳಿದು ಬೆಳಿಗ್ಗೆ ಹೊರಟರಾಯಿತು. ಪೆಟ್ಟು ತಿಂದ ಪ್ರಾಣಿ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬಹುದು.

ಬಂಡೀಪುರಕ್ಕೆ ಕೋರ್ಟಾದರೂ ಇದೆ. ಜಂಗಮಕೋಟೆಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಹಿಪ್ಪುನೇರಳೆ ತೋಟದಿಂದ ಹೊರಬರುವ ನವಿಲಿಗೆ, ಮೊಲಕ್ಕೆ, ಮುಂಗುಸಿಗೆ ಯಾವ ಜಿಲ್ಲಾಧಿಕಾರಿಯ ಆದೇಶವೂ ಇಲ್ಲ. ಅಲ್ಲಿ ಗೇಟು ಹಾಕಬೇಕಾದದ್ದು ನಮ್ಮ ಬಲಗಾಲೇ.